ಆಪತ್ಕಾಲದ ಉಳಿತಾಯ ಮತ್ತು ಸಣ್ಣ ಸಂತೋಷಗಳ ವೆಚ್ಚ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಸರ್ಕಾರದ ವಿವಿಧ ಸೇವೆ ಹಾಗೂ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು ಮನೆಯಲ್ಲಿ ಯಾವುದಾದರೊಂದು ಆಪತ್ತು ಸಂಭವಿಸಿದ ತರುವಾಯವೇ ಕಚೇರಿಗೆ ಬರುವವರಾಗಿರುತ್ತಾರೆ. ದುಡಿಯುತ್ತಿದ್ದವರು ಮರಣ ಹೊಂದಿರುತ್ತಾರೆ, ಇಲ್ಲವೇ ಬೆಳೆ ಒಣಗಿರುತ್ತದೆ, ಇಲ್ಲವೇ ಕರೆಯುವ ಹಸು ಸತ್ತಿರುತ್ತದೆ. ಇಂತಹ ಸಂದರ್ಭಗಳಿಗೆ ನೆರವಿನ ಯೋಜನೆಗಳು ಇವೆ. ಆದರೆ ಅರ್ಜಿ ಸಲ್ಲಿಸಿದ ದಿನದಿಂದ ಹಣ ಖಾತೆಗೆ ಜಮೆಯಾಗುವ ದಿನದವರೆಗಿನ ಅವಧಿಯನ್ನು ಕುಟುಂಬವು ತನ್ನ ಸ್ವಂತ ಬಲದಿಂದಲೇ ದಾಟಬೇಕಾಗುತ್ತದೆ. ಈ ಅವಧಿಯ ಕುರಿತು ಸಾಮಾನ್ಯವಾಗಿ ಯಾವ ಅರ್ಜಿ ನಮೂನೆಯಲ್ಲಿಯೂ ಕಾಲಂ ಇರುವುದಿಲ್ಲ.

ಉದಾಹರಣೆಗೆ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದ ದುಡಿಯುವ ಸದಸ್ಯರು ಮೃತಪಟ್ಟಲ್ಲಿ ಒಂದಾವರ್ತಿ 20,000 ರೂ. ನೆರವು ದೊರೆಯುತ್ತದೆ. ಇದಕ್ಕೆ ಮೊದಲು ಮರಣ ನೋಂದಣಿಯಾಗಬೇಕು (21 ದಿನಗಳೊಳಗೆ ಮಾಹಿತಿ ನೀಡತಕ್ಕದ್ದು), ಪ್ರಮಾಣ ಪತ್ರ ಪಡೆಯಬೇಕು, ದಾಖಲೆಗಳ ಪರಿಶೀಲನೆ ನಡೆಯಬೇಕು. ಬರಗಾಲದ ಸಂಗತಿಯೂ ಹೀಗೆಯೇ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಘೋಷಣೆ ಆರಂಭವಾದುದು ಸೆಪ್ಟೆಂಬರ್ ತಿಂಗಳಲ್ಲಿ. ಮೊದಲ ಕಂತಾಗಿ ಗರಿಷ್ಠ 2,000 ರೂ.ಗಳ ಪರಿಹಾರವು ರೈತರ ಖಾತೆಗೆ ಜಮೆಯಾಗತೊಡಗಿದ್ದು 2024ರ ಜನವರಿಯಲ್ಲಿ. ಉಳಿದ ಮೊತ್ತವು ಮೇ ತಿಂಗಳಿನಿಂದ ಈಚೆಗೆ. ಸೆಪ್ಟೆಂಬರಿನಿಂದ ಜನವರಿಯವರೆಗೆ ಒಲೆ ಉರಿಯಲೇಬೇಕಿತ್ತು, ದನಕ್ಕೆ ಮೇವು ಬೇಕೇ ಬೇಕಿತ್ತು.

ಆದ್ದರಿಂದ ಪ್ರತಿಯೊಂದು ಕುಟುಂಬವೂ ಆಪತ್ಕಾಲಕ್ಕೆಂದು ಸ್ವಲ್ಪ ಹಣವನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಸೂಕ್ತ. ಇದು ಹೊಸ ಮಾತೇನಲ್ಲ. ಆದರೆ ಈ ಸಲಹೆಯನ್ನು ನೀಡುವವರು ಬಹುತೇಕ ಅದರ ಜೊತೆಗೇ ಕಾಫಿ, ಜಾತ್ರೆ, ಹೂವು, ಸಿನಿಮಾ ಎಲ್ಲವನ್ನೂ ಬಿಟ್ಟುಬಿಡಿ ಎಂದೂ ಹೇಳುತ್ತಾರೆ. ಎರಡನೆಯ ಸಲಹೆ ಎಷ್ಟರಮಟ್ಟಿಗೆ ಪಾಲಿಸಲು ಸಾಧ್ಯ, ಪಾಲಿಸಿದರೆ ಲಾಭವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಹಾಗೂ ಸುತ್ತಲಿನ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ತಾಲ್ಲೂಕುಗಳ ಗ್ರಾಮೀಣ ಕುಟುಂಬಗಳ ಆದಾಯದ ಸ್ವರೂಪವನ್ನು ಆಧಾರವಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಆದಾಯ ಬರುವ ಬಗೆ

ಸಂಬಳದಾರರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ಅವರಿಗಾಗಿ ರೂಢಿಯಲ್ಲಿರುವ ಸೂತ್ರವೆಂದರೆ ಮೂರರಿಂದ ಆರು ತಿಂಗಳ ವೆಚ್ಚಕ್ಕೆ ಸಮನಾದ ಮೊತ್ತವನ್ನು ಆಪತ್ಕಾಲಕ್ಕೆ ಇಡುವುದು. ಹೊಸಹೊಳಲು ಸುತ್ತಿನ ಕೃಷಿ ಕುಟುಂಬದ ಸ್ಥಿತಿ ಹಾಗಲ್ಲ. ಇಲ್ಲಿ ಹಣ ಬರುವುದು ಮೂರು ನಾಲ್ಕು ದಾರಿಗಳಿಂದ, ಒಂದೊಂದು ದಾರಿಗೂ ಒಂದೊಂದು ಕಾಲ. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ. ಕೂಲಿ ಸಿಕ್ಕಿದ ದಿನ. ಕಬ್ಬಿನ ಹಣ ವರ್ಷಕ್ಕೊಮ್ಮೆ. ಕಬ್ಬು (ನಿಯಂತ್ರಣ) ಆದೇಶ, 1966ರ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆಯು ಹಣ ಪಾವತಿಸತಕ್ಕದ್ದು, ತಡವಾದಲ್ಲಿ ವಾರ್ಷಿಕ ಶೇ. 15ರ ಬಡ್ಡಿ ಸೇರಿಸತಕ್ಕದ್ದು. ನಿಯಮ ಹೀಗಿದ್ದಾಗ್ಯೂ ಹದಿನಾಲ್ಕನೆಯ ದಿನಕ್ಕೆ ಹಣ ಬಂದೇ ಬರುವುದೆಂದು ಮಗಳ ಮದುವೆಯ ಛತ್ರ ಗೊತ್ತು ಮಾಡುವ ರೈತರು ಯಾರೂ ಇಲ್ಲ. ಹಾಲಿಗೆ ರಾಜ್ಯ ಸರ್ಕಾರ ನೀಡುವ ಲೀಟರಿಗೆ 5 ರೂ.ಗಳ ಪ್ರೋತ್ಸಾಹಧನವು ಬಟವಾಡೆಯ ಜೊತೆಯಲ್ಲಿ ಬಾರದೆ ಪ್ರತ್ಯೇಕವಾಗಿ ಬರುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ 2,000 ರೂ. ಮನೆಯ ಯಜಮಾನಿಯ ಖಾತೆಗೆ ತಿಂಗಳ ಲೆಕ್ಕದಲ್ಲಿ ಮಂಜೂರಾಗುವುದಾದರೂ ಜಮೆಯ ದಿನಾಂಕ ಪ್ರತಿ ತಿಂಗಳೂ ಒಂದೇ ಆಗಿರುವುದಿಲ್ಲ. ಎರಡು ಮೂರು ಕಂತುಗಳು ಕೂಡಿಕೊಂಡು ಬಂದ ಸಂದರ್ಭಗಳೂ ಇವೆ.

ನಾಗಮಂಗಲದ ಕಡೆ ಸ್ಥಿತಿ ಮತ್ತಷ್ಟು ಬೇರೆ. ಅಲ್ಲಿ ನಾಲೆಯ ನೀರಿಗಿಂತ ಮಳೆಯ ಮೇಲಿನ ಅವಲಂಬನೆಯೇ ಹೆಚ್ಚು. ರಾಗಿ, ಹುರುಳಿ, ತೆಂಗು. ಮನೆಯಲ್ಲಿ ಕಟ್ಟಿದ ಕುರಿ ಮೇಕೆಗಳನ್ನೇ ಆಪತ್ಕಾಲದ ಹಣವೆಂದು ಭಾವಿಸುವುದು ಅಲ್ಲಿನ ಹಳೆಯ ಪದ್ಧತಿ, ಮತ್ತು ಬಹುಮಟ್ಟಿಗೆ ಒಳ್ಳೆಯ ಪದ್ಧತಿ. ಒಬ್ಬರ ಮನೆಯಲ್ಲಿ ಕಾಯಿಲೆ ಬಂದಾಗ ಒಂದು ಮೇಕೆ ಮಾರಿದರೆ ನ್ಯಾಯವಾದ ಬೆಲೆ ಸಿಗುತ್ತದೆ. ಆದರೆ ಬರ ಬಂದಾಗ ಎಲ್ಲರೂ ಒಂದೇ ವಾರದ ಸಂತೆಗೆ ಮೇಕೆ ಹೊಡೆದುಕೊಂಡು ಬರುತ್ತಾರೆ, ಬೆಲೆ ಇಳಿಯುತ್ತದೆ. ಆಪತ್ತು ಊರಿಗೆಲ್ಲಾ ಒಟ್ಟಿಗೆ ಬರುವ ಸಂಭವ ಇರುವೆಡೆ ಸ್ವಲ್ಪ ಭಾಗವಾದರೂ ನಗದಿಗೆ ಸಮನಾದ ರೂಪದಲ್ಲಿ, ಅಂದರೆ ಖಾತೆಯಲ್ಲಿ ಇರಬೇಕಾದುದು ಅಗತ್ಯ.

ಯಾವುದು ಆಪತ್ತು, ಯಾವುದು ಅಲ್ಲ

ಬಹಳಷ್ಟು ಕುಟುಂಬಗಳು "ಅರ್ಜೆಂಟು" ಎಂದು ಕೈಸಾಲ ಮಾಡುವ ಸಂದರ್ಭಗಳನ್ನು ಒಂದೊಂದಾಗಿ ಬರೆದು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಆಪತ್ತುಗಳೇ ಅಲ್ಲ ಎಂಬುದು ತಿಳಿದುಬರುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದು ಪ್ರತಿ ವರ್ಷದ ಸಂಗತಿ. ಯುಗಾದಿ ಪ್ರತಿ ವರ್ಷ ಬರುತ್ತದೆ, ಅದರ ಮಾರನೆಯ ದಿನದ ಹೊಸತೊಡಕೂ ತಪ್ಪದೆ ಬರುತ್ತದೆ. ಮಳೆಗಾಲಕ್ಕೆ ಮೊದಲು ಹೆಂಚು ತಿರುವಿ ಹಾಕಿಸುವುದು, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಬಾಗಿನ, ನೆಂಟರ ಮದುವೆಗೆ ಮುಯ್ಯಿ, ಇವೆಲ್ಲವೂ ಮೊದಲೇ ತಿಳಿದಿರುವ ವೆಚ್ಚಗಳು. ಇವುಗಳಿಗೆ ತಿಂಗಳು ತಿಂಗಳು ಸ್ವಲ್ಪ ತೆಗೆದಿಡದೆ ಇದ್ದಲ್ಲಿ ಯುಗಾದಿಯೇ ಒಂದು ಆಪತ್ತಾಗಿ ಪರಿಣಮಿಸುತ್ತದೆ. ಆಗ ಆಪತ್ಕಾಲದ ಹಣ ಹಬ್ಬಕ್ಕೆ ಹೋಗುತ್ತದೆ. ನಿಜವಾದ ಆಪತ್ತು ಬಂದ ದಿನ ಖಾತೆ ಬರಿದಾಗಿರುತ್ತದೆ.

ಆಪತ್ತು ಎಂದರೆ ಮೊದಲೇ ತಿಳಿಯದಿದ್ದದ್ದು, ತಪ್ಪಿಸಿಕೊಳ್ಳಲಾಗದ್ದು, ಮುಂದೂಡಲಾಗದ್ದು. ಈ ಮೂರೂ ಒಟ್ಟಿಗೆ ಇದ್ದಲ್ಲಿ ಮಾತ್ರ ಆ ಹಣ ಮುಟ್ಟತಕ್ಕದ್ದು. ಮನೆಯವರಿಗೆ ರಾತ್ರಿ ಎದೆ ನೋವು ಬಂದರೆ ಅದು ಆಪತ್ತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟು ಬೆಳೆ ನಿಂತಿದ್ದರೆ ಅದೂ ಆಪತ್ತೇ. ಪಕ್ಕದ ಮನೆಯವರು ದೊಡ್ಡ ಟಿ.ವಿ. ತಂದದ್ದು ಆಪತ್ತಲ್ಲ. ಸಾವು ಸಂಭವಿಸಿದಾಗ ಅಂತ್ಯಕ್ರಿಯೆಯ ವೆಚ್ಚ ಆಪತ್ತಿನದು. ಆದರೆ ಹನ್ನೊಂದನೆಯ ದಿನದ ತಿಥಿಗೆ ಎಷ್ಟು ಜನರನ್ನು ಕರೆಯಬೇಕೆಂಬುದು ಕುಟುಂಬದ ತೀರ್ಮಾನ. ಈ ತೀರ್ಮಾನದಲ್ಲಿ ಊರಿನ ಮಾತಿಗೆ ಅಂಜಿ ಸಾಲ ಮಾಡಿದ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ.

ಆಸ್ಪತ್ರೆಯ ವೆಚ್ಚಕ್ಕೆ ಸಂಬಂಧಿಸಿದಂತೆ ಒಂದು ಸ್ಪಷ್ಟನೆ ಅಗತ್ಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಸೌಲಭ್ಯವಿದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂ.ಗಳ ಮಿತಿಯಲ್ಲಿ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯನ್ನು 2022-23ರಲ್ಲಿ ಮರುಜಾರಿಗೊಳಿಸಲಾಗಿದೆ. ತುರ್ತು ವಾಹನಕ್ಕೆ 108 ಇದೆ. ಇಷ್ಟೆಲ್ಲಾ ಇದ್ದರೂ ಹೊಸಹೊಳಲಿನಿಂದ ರೋಗಿಯನ್ನು ಮೈಸೂರಿಗೋ ಮಂಡ್ಯಕ್ಕೋ ಸೇರಿಸಿದಾಗ ಜೊತೆಯಲ್ಲಿ ಇರುವವರ ಊಟ, ಓಡಾಟ, ತಪ್ಪಿಹೋದ ಕೂಲಿ, ಮನೆಯಲ್ಲಿ ಹಸುಗಳನ್ನು ನೋಡಿಕೊಂಡವರಿಗೆ ಕೊಡಬೇಕಾದದ್ದು, ಮನೆಗೆ ಬಂದ ಮೇಲೆ ಮುಂದುವರಿಯುವ ಔಷಧ ಇವು ಯಾವುವೂ ಯೋಜನೆಯ ಕಾರ್ಡಿನಲ್ಲಿ ಬರುವುದಿಲ್ಲ. ಕಾರ್ಡ್ ಇದೆಯೆಂದು ಆಪತ್ಕಾಲದ ಹಣ ಬೇಡವೆನ್ನುವುದೂ ತಪ್ಪು. ಹಣವಿದೆಯೆಂದು ಕಾರ್ಡ್ ಮಾಡಿಸದೆ ಇರುವುದು ಇನ್ನೂ ದೊಡ್ಡ ತಪ್ಪು.

ಒಂದು ಮಾದರಿ ಲೆಕ್ಕ

ಲೆಕ್ಕಕ್ಕಾಗಿ ಮಾತ್ರ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಲಾಗಿದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಒಂದು ಎಕರೆ ಕಬ್ಬು, ಎರಡು ಹಸು. ಬೆಲೆಗಳು ಊರಿನಿಂದ ಊರಿಗೆ ವ್ಯತ್ಯಾಸವಾಗುವುದರಿಂದ ಓದುಗರು ತಮ್ಮ ಮನೆಯ ಅಂಕಿಗಳನ್ನು ಹಾಕಿಕೊಂಡು ಲೆಕ್ಕ ಮಾಡಿಕೊಳ್ಳತಕ್ಕದ್ದು.

ಹಾಲಿನ ಬಟವಾಡೆಯಿಂದ, ಹಿಂಡಿ ಮೇವು ಔಷಧ ಕಳೆದು, ತಿಂಗಳಿಗೆ: 5,000 ರೂ.
ಗೃಹಲಕ್ಷ್ಮಿ: 2,000 ರೂ.
ಕೂಲಿ: 6,000 ರೂ.
ಒಟ್ಟು: 13,000 ರೂ.

ದಿನಸಿ, ತರಕಾರಿ, ಗ್ಯಾಸ್, ಔಷಧ, ಮಕ್ಕಳ ಖರ್ಚು, ಮೊಬೈಲ್ ರೀಚಾರ್ಜ್, ಸಂಘದ ವಾರದ ಕಂತು ಸೇರಿ ತಿಂಗಳ ಖಚಿತ ವೆಚ್ಚ 9,500 ರೂ. ಎಂದು ಇಟ್ಟುಕೊಳ್ಳೋಣ. ಮೇಲೆ ತಿಳಿಸಿದ ವಾರ್ಷಿಕ ವೆಚ್ಚಗಳು ಶಾಲೆಗೆ 6,000, ಯುಗಾದಿಗೆ 5,000, ಇತರ ಹಬ್ಬಗಳಿಗೆ 3,000, ಮುಯ್ಯಿ ನೆಂಟರಿಷ್ಟರಿಗೆ 4,000, ಮನೆ ರಿಪೇರಿಗೆ 6,000, ಒಟ್ಟು 24,000; ಅಂದರೆ ತಿಂಗಳಿಗೆ 2,000 ರೂ. ತೆಗೆದಿಡಬೇಕು. 13,000ದಿಂದ ಈ ಎರಡನ್ನೂ ಕಳೆದರೆ ಉಳಿಯುವುದು 1,500 ರೂ. ಆಪತ್ಕಾಲದ ಉಳಿತಾಯ ಮತ್ತು ಸಣ್ಣ ಸಂತೋಷಗಳು ಹಂಚಿಕೊಳ್ಳಬೇಕಾದುದು ಈ 1,500 ರೂ.ಗಳನ್ನೇ.

ಕಬ್ಬಿನ ಹಣ ಈ ಲೆಕ್ಕದಲ್ಲಿ ಸೇರಿಲ್ಲ. ಕಟಾವು, ಸಾಗಣೆ, ಬೆಳೆ ಸಾಲ ಎಲ್ಲ ಕಳೆದು 60,000 ರೂ. ಕೈಗೆ ಬಂದರೆ ಅದರಲ್ಲಿ ಬಹುಪಾಲು ಮುಂದಿನ ಬೆಳೆಗೆ ಮತ್ತು ಹಿಂದಿನ ಬಾಕಿಗೆ ಹೋಗುತ್ತದೆ. 10,000 ರೂ. ಮಾತ್ರ ಆಪತ್ಕಾಲದ ಖಾತೆಗೆ ಬರುತ್ತದೆಂದು ಭಾವಿಸಲಾಗಿದೆ. ಹಣ ಕೈಗೆ ಬಂದ ವಾರದಲ್ಲೇ ಇದನ್ನು ಖಾತೆಗೆ ಹಾಕದಿದ್ದಲ್ಲಿ ಎರಡನೆಯ ವಾರಕ್ಕೆ ಅದು ಉಳಿದಿರುವುದಿಲ್ಲ ಎಂಬುದು ಎಲ್ಲರ ಅನುಭವ.

ಗುರಿ ಮೂರು ತಿಂಗಳ ಖಚಿತ ವೆಚ್ಚ, ಅಂದರೆ 28,500; ದುಂಡಾಗಿ 30,000 ರೂ. ತಿಂಗಳಿಗೆ ಪೂರಾ 1,500 ಉಳಿಸಿದರೆ 20 ತಿಂಗಳಲ್ಲಿ ಗುರಿ ಮುಟ್ಟುತ್ತದೆ. 1,000 ಉಳಿಸಿ 500 ರೂ.ಗಳನ್ನು ಸಂತೋಷಕ್ಕೆ ಬಿಟ್ಟರೆ 30 ತಿಂಗಳು. ಅಂದರೆ ಸಣ್ಣ ಸಂತೋಷಗಳ ಬೆಲೆ ಹತ್ತು ತಿಂಗಳು. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ: ಆ ಹತ್ತು ತಿಂಗಳಲ್ಲಿ ಆಪತ್ತು ಬಂದರೆ ಕುಟುಂಬದ ಕೈಯಲ್ಲಿ ಹಣ ಕಡಿಮೆ ಇರುತ್ತದೆ.

ಆದರೆ ಎರಡನೆಯ ಸಂಗತಿಯೂ ಅಷ್ಟೇ ನಿಜ. ಇಪ್ಪತ್ತು ತಿಂಗಳು ಮಗುವಿಗೆ ಒಂದು ಐಸ್‌ಕ್ರೀಮ್ ಕೊಡಿಸದೆ, ಜಾತ್ರೆಗೆ ಹೋಗದೆ, ಮೊಳ ಹೂವು ಕೊಳ್ಳದೆ ಇರುತ್ತೇವೆಂದು ಹೊರಟ ಮನೆ ಸಾಮಾನ್ಯವಾಗಿ ಆರನೆಯ ಅಥವಾ ಎಂಟನೆಯ ತಿಂಗಳಿಗೆ ಬೇಸತ್ತು, ಯಾವುದೋ ಒಂದು ಹಬ್ಬದಲ್ಲಿ ಕೂಡಿಟ್ಟದ್ದನ್ನೆಲ್ಲಾ ಒಮ್ಮೆಗೇ ಖರ್ಚು ಮಾಡಿಬಿಡುತ್ತದೆ. ಹೀಗಾದಾಗ ಹೋಗುವುದು ಹಣ ಮಾತ್ರವಲ್ಲ; ನಮ್ಮಂಥವರಿಗೆ ಉಳಿತಾಯ ಆಗುವುದಿಲ್ಲ ಎಂಬ ಭಾವನೆ ಬೇರೂರುತ್ತದೆ. ಈ ಕಾರಣದಿಂದ ಮಧ್ಯದ ದಾರಿಯೊಂದನ್ನು ಸೂಚಿಸಬಹುದು. ಮೊದಲ ನಾಲ್ಕು ತಿಂಗಳು ಮಾತ್ರ ಪೂರ್ತಿ ಬಿಗಿ ಹಿಡಿದು 6,000 ರೂ. ಮಾಡಿಕೊಳ್ಳುವುದು. ನಾಲ್ಕು ತಿಂಗಳು ಎಂದು ಮೊದಲೇ ಮನೆಯವರಿಗೆ ಹೇಳಿದ್ದರೆ ಮಕ್ಕಳೂ ಒಪ್ಪುತ್ತಾರೆ. ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗುವಂತಹ ಸಣ್ಣ ಆಪತ್ತುಗಳನ್ನು ಈ ಮೊತ್ತ ತಡೆಯುತ್ತದೆ. ಅನಂತರ ತಿಂಗಳಿಗೆ 1,000 ಉಳಿತಾಯ, 500 ಸಂತೋಷ. ಉಳಿದ 24,000ದಲ್ಲಿ ಕಬ್ಬಿನ ಹಣದಿಂದ ಒಂದು ಬಾರಿ 10,000 ಬಂದರೆ ಮಿಕ್ಕಿದ 14,000ಕ್ಕೆ 14 ತಿಂಗಳು. ಒಟ್ಟು 18 ತಿಂಗಳು. ಕಬ್ಬಿನ ಹಣದ ಆ ಒಂದು ಕಂತು ಸರಿಯಾಗಿ ಖಾತೆಗೆ ಬಿದ್ದಲ್ಲಿ ಹತ್ತು ತಿಂಗಳ ಸಂತೋಷದ ಬೆಲೆ ಅಲ್ಲಿಗೇ ತೀರುತ್ತದೆ.

ಹಣ ಇಲ್ಲದಿದ್ದಾಗ ಆಗುವುದೇನು

ಇದೇ 30,000 ರೂ. ಇಲ್ಲದೆ, ಆಪತ್ತಿನ ದಿನ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ತಿಂಗಳ ಬಡ್ಡಿಯೇ 900 ರೂ. ವರ್ಷಕ್ಕೆ 10,800. ಉಳಿತಾಯಕ್ಕೆ ಹೋಗಬಹುದಾಗಿದ್ದ ಸಾವಿರ ರೂಪಾಯಿ ಬಹುತೇಕ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಸಣ್ಣ ಸಂತೋಷದ 500 ರೂ. ಕೂಡ ಆಗ ಉಳಿಯುವುದಿಲ್ಲ. "ಮೂರು ರೂಪಾಯಿ ಬಡ್ಡಿ" ಎಂಬ ಮಾತು ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ವಾರ್ಷಿಕ ಲೆಕ್ಕದಲ್ಲಿ ಅದು ಶೇ. 36. ಕರ್ನಾಟಕ ಲೇವಾದೇವಿಗಾರರ ಅಧಿನಿಯಮ, 1961ರ ಅಡಿಯಲ್ಲಿ ನಿಗದಿಪಡಿಸಿರುವ ಗರಿಷ್ಠ ಬಡ್ಡಿ ಭದ್ರತೆ ಇರುವ ಸಾಲಕ್ಕೆ ಶೇ. 14, ಇಲ್ಲದ ಸಾಲಕ್ಕೆ ಶೇ. 16. ಅತಿಯಾದ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಪ್ರತ್ಯೇಕ ಅಧಿನಿಯಮ 2004ರಿಂದ ಇದೆ. ಸಾಲ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಅಧ್ಯಾದೇಶ ಹೊರಡಿಸಿತು. ಕಾನೂನು ಇದೆ, ದೂರು ನೀಡಬಹುದು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಹಣ ಬೇಕಾದವರು ಬಡ್ಡಿಯ ದರ ವಿಚಾರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಮಂಡ್ಯ ಜಿಲ್ಲೆಯು 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಕಾರಣದಿಂದ ದೇಶದ ಗಮನ ಸೆಳೆದ ಸಂಗತಿಯನ್ನು ಇಲ್ಲಿನವರಿಗೆ ನೆನಪಿಸಬೇಕಾಗಿಲ್ಲ.

ಹಣ ಎಲ್ಲಿ ಇಡಬೇಕು

ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಹಣ ಇಡುವ ಪದ್ಧತಿ ಹೆಣ್ಣುಮಕ್ಕಳ ಜಾಣತನದ್ದು. ಅದನ್ನು ಹಳಿಯುವ ಕಾರಣವಿಲ್ಲ. 2016ರ ನವೆಂಬರ್ 8ರಂದು 500 ಮತ್ತು 1,000 ರೂ. ನೋಟುಗಳು ರದ್ದಾದಾಗ ಅನೇಕ ಮನೆಗಳಲ್ಲಿ ಆ ಡಬ್ಬಿಗಳು ಗಂಡಸರ ಮುಂದೆ ತೆರೆಯಬೇಕಾಗಿ ಬಂತು. ಗುಟ್ಟಿನ ಉಳಿತಾಯ ಗುಟ್ಟಾಗಿ ಉಳಿಯಲಿಲ್ಲ, ಕೆಲವೆಡೆ ಹಿಂದಿರುಗಿ ಬರಲೂ ಇಲ್ಲ. ಒಂದು ಎರಡು ಸಾವಿರ ರೂ. ಮನೆಯಲ್ಲಿ ಇರಲಿ. ಹೆಚ್ಚಿನದು ಯಜಮಾನಿಯ ಸ್ವಂತ ಹೆಸರಿನ ಖಾತೆಯಲ್ಲಿ ಇರುವುದು ಮೇಲು.

ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು 500 ರೂ.ಗಳಿಂದ ತೆರೆಯಬಹುದು. ಬಡ್ಡಿ ವಾರ್ಷಿಕ ಶೇ. 4. ಬಡ್ಡಿ ಕಡಿಮೆಯೆಂದು ಅನೇಕರು ಇದನ್ನು ಬಿಟ್ಟು ಆರ್.ಡಿ.ಗೆ ಹೋಗುತ್ತಾರೆ. ಇಲ್ಲಿ ಎಚ್ಚರ ಅಗತ್ಯ. ಅಂಚೆ ಕಚೇರಿಯ ಆರ್.ಡಿ. ಐದು ವರ್ಷದ್ದು, ತಿಂಗಳಿಗೆ ಕನಿಷ್ಠ 100 ರೂ. ಮೂರು ವರ್ಷ ತುಂಬುವ ಮೊದಲು ಅದನ್ನು ಮುಚ್ಚಲು ಬರುವುದಿಲ್ಲ. ಮೂರು ವರ್ಷದ ಮೇಲೆ ಅವಧಿಗೆ ಮುನ್ನ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಗುತ್ತದೆ. ಹನ್ನೆರಡು ಕಂತು ಕಟ್ಟಿದ ನಂತರ ಜಮೆಯ ಅರ್ಧದಷ್ಟು ಸಾಲ ಪಡೆಯಬಹುದು, ಆರ್.ಡಿ. ಬಡ್ಡಿಗಿಂತ ಶೇ. 2 ಹೆಚ್ಚಿನ ದರದಲ್ಲಿ. ಹೀಗಿರುವುದರಿಂದ ಆರ್.ಡಿ.ಯು ತಿಳಿದಿರುವ ದೂರದ ವೆಚ್ಚಗಳಿಗೆ ಒಳ್ಳೆಯದು, ನಾಳೆಯ ಆಪತ್ತಿಗೆ ಅಲ್ಲ. ಮೊದಲು ಉಳಿತಾಯ ಖಾತೆಯಲ್ಲಿ ಗುರಿಯ ಮೊತ್ತ ತುಂಬಲಿ, ಆರ್.ಡಿ. ಆ ಮೇಲಿನ ಮಾತು. ಹೆಣ್ಣುಮಗುವಿನ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಯನ್ನೂ ಆಪತ್ಕಾಲದ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ.

ಬ್ಯಾಂಕುಗಳಲ್ಲಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ (2020ರ ಫೆಬ್ರವರಿಯಿಂದ). ಈ ವಿಮೆ ಸಹಕಾರ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಆದರೆ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಸಂಘದಲ್ಲಿ ಠೇವಣಿ ಇಡಬಾರದೆಂದು ಇದರ ಅರ್ಥವಲ್ಲ, ಆಪತ್ಕಾಲದ ಹಣವನ್ನೆಲ್ಲಾ ಅಲ್ಲಿಯೇ ಇಡಬಾರದು ಎಂದಷ್ಟೆ. ಸಾಲದ ಕಂತು ತಾನಾಗಿಯೇ ಕಡಿತವಾಗುವ ಖಾತೆಯಲ್ಲಿಯೂ ಈ ಹಣ ಇರಬಾರದು. ಕೈಗೆ ಬೇಕಾದ ದಿನವೇ ಕಂತಿನ ಲೆಕ್ಕಕ್ಕೆ ಹೋಗಿರುತ್ತದೆ.

ದಿನಗೂಲಿಯವರಿಗೆ ಪಿಗ್ಮಿ ಅನುಕೂಲ. ಇದು ಕರ್ನಾಟಕದಲ್ಲೇ ಹುಟ್ಟಿದ ಪದ್ಧತಿ. ಕೈಮಗ್ಗ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆ ಎಂದರೆ ಅಂದಿನ ದುಡಿಯುವವನು ಹೋಟೆಲಿನಲ್ಲಿ ಖರ್ಚು ಮಾಡಬಹುದಾಗಿದ್ದ ಸಣ್ಣ ಹಣವೇ ಹೊರತು ಊಟಕ್ಕೆ ಮೀಸಲಾದ ಹಣವಲ್ಲ. ಪದ್ಧತಿ ನಿಂತದ್ದು ಈ ಕಾರಣದಿಂದ ಎನ್ನಬಹುದು. ಇಂದು ಪಿಗ್ಮಿ ಕಟ್ಟುವವರು ಪ್ರತಿ ಜಮೆಗೂ ರಸೀದಿ ಅಥವಾ ಪುಸ್ತಕದಲ್ಲಿ ನಮೂದು ಪಡೆಯತಕ್ಕದ್ದು. ನೋಂದಣಿಯಿಲ್ಲದ ಚೀಟಿ ವ್ಯವಹಾರಗಳಿಗೆ ಹಣ ಹಾಕಬಾರದು. ಚೀಟಿ ನಿಧಿ ಅಧಿನಿಯಮ, 1982ರ ಪ್ರಕಾರ ಚೀಟಿ ನಡೆಸಲು ನೋಂದಣಿ ಕಡ್ಡಾಯ. ಹಬ್ಬದ ಚೀಟಿ ಪರಿಚಿತರದೇ ಆಗಿರುತ್ತದೆ, ನಿಜ. ಪರಿಚಿತರಿಂದ ಹಣ ಹಿಂದಕ್ಕೆ ಕೇಳುವುದೇ ಹೆಚ್ಚು ಕಷ್ಟ.

2000-01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ವಾರದ ಉಳಿತಾಯವೂ ಆಪತ್ಕಾಲಕ್ಕೆ ನೆರವಾಗುತ್ತದೆ, ಗುಂಪಿನ ಒಳಸಾಲದ ಮೂಲಕ. ಗುಂಪು ಗಟ್ಟಿಯಾಗಿದ್ದರೆ ಅದರಷ್ಟು ಬೇಗ ಹಣ ಕೊಡುವ ವ್ಯವಸ್ಥೆ ಮತ್ತೊಂದಿಲ್ಲ.

ಸಣ್ಣ ಸಂತೋಷಗಳ ಕುರಿತು

ಹೇಮಗಿರಿ ಜಾತ್ರೆಯಲ್ಲಿ ಕಡ್ಲೆಪುರಿ, ಬೆಂಡು ಬತ್ತಾಸು, ಮಗುವಿಗೊಂದು ಪೀಪಿ. ಮೇಲುಕೋಟೆಯ ವೈರಮುಡಿಗೆ ಒಂದು ರಾತ್ರಿಯ ಪ್ರಯಾಣ. ಅತ್ತೆಯ ಎಲೆ ಅಡಿಕೆ. ಸೊಸೆಗೆ ಒಂದು ಡಜನ್ ಬಳೆ. ಗಂಡನಿಗೆ ಬೆಳಗಿನ ಹೋಟೆಲಿನ ಕಾಫಿ. ಇವುಗಳಲ್ಲಿ ಕೆಲವಕ್ಕೆ ಹೆಚ್ಚು ಹಣವೂ ಬೇಕಿಲ್ಲ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು ಹದಿಮೂರನೆಯ ಶತಮಾನದ ತ್ರಿಕೂಟ ದೇವಾಲಯ. ಹೊರಗೋಡೆಯ ಶಿಲ್ಪಪಟ್ಟಿಕೆಗಳಲ್ಲಿ ರಾಮಾಯಣ ಮಹಾಭಾರತದ ಕಥೆಗಳಿವೆ. ದೂರದೂರದಿಂದ ಜನ ನೋಡಲು ಬರುತ್ತಾರೆ. ಊರಿನ ಮಕ್ಕಳಿಗೆ ಅಜ್ಜಿ ಆ ಕಲ್ಲುಗಳನ್ನು ತೋರಿಸಿ ಕಥೆ ಹೇಳಲು ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ ತವರಿಗೆ ಹೋಗಿ ಬರುವುದೂ ಹಗುರವಾಗಿದೆ.

ಹೋಟೆಲಿನ ಕಾಫಿಯನ್ನು ದುಂದು ಎಂದು ಬರೆಯುವವರು ಆ ಬೆಂಚಿನ ಮೇಲೆ ಇನ್ನೇನು ನಡೆಯುತ್ತದೆ ಎಂಬುದನ್ನು ಗಮನಿಸಿರುವುದಿಲ್ಲ. ಯಾರ ಗದ್ದೆಗೆ ಆಳು ಬೇಕು, ಯಾವ ಕಡೆ ಕಟಾವು ಶುರುವಾಗಿದೆ, ನಾಲೆಗೆ ನೀರು ಎಂದು ಬಿಡುತ್ತಾರೆ ಎಂಬ ಸುದ್ದಿ ಸಿಗುವುದು ಅಲ್ಲಿಯೇ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಮನೆಯಲ್ಲಿ ಬಿಗಿ ಹಿಡಿಯಬೇಕೆಂದು ತೀರ್ಮಾನವಾದಾಗ ಮೊದಲು ನಿಲ್ಲುವುದು ಹೆಂಗಸರ ಹೂವು ಬಳೆ ಮತ್ತು ವೃದ್ಧರ ಎಲೆ ಅಡಿಕೆ. ಗಂಡಸರ ಬೀಡಿ ಕಾಫಿ ಕೊನೆಗೆ. ಇದನ್ನು ಉಳಿತಾಯವೆನ್ನಲಾಗದು, ಒಬ್ಬರ ಪಾಲನ್ನು ಮತ್ತೊಬ್ಬರು ಖರ್ಚು ಮಾಡಿದಂತೆ. ಮಾದರಿ ಲೆಕ್ಕದ 500 ರೂ.ಗಳನ್ನು ಐದು ಜನರಿಗೆ ತಲಾ 100ರಂತೆ ಹಂಚುವುದು ಉತ್ತಮ. ಆ ನೂರಕ್ಕೆ ಯಾರೂ ಯಾರಿಂದಲೂ ಲೆಕ್ಕ ಕೇಳತಕ್ಕದ್ದಲ್ಲ. ಮಗು ಮೂರು ತಿಂಗಳು ಕೂಡಿಟ್ಟು ಜಾತ್ರೆಯಲ್ಲಿ 300 ರೂ. ಖರ್ಚು ಮಾಡಿದರೆ ಅದು ಆ ಮಗುವಿನ ಮೊದಲ ಉಳಿತಾಯವೂ ಹೌದು.

2024ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧೆಯೊಬ್ಬರು ಗೃಹಲಕ್ಷ್ಮಿಯ ಕಂತುಗಳನ್ನು ಕೂಡಿಟ್ಟು ಊರಿನವರಿಗೆಲ್ಲಾ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ಹಣದಲ್ಲಿ ಫ್ರಿಜ್, ಹೊಲಿಗೆ ಯಂತ್ರ ಕೊಂಡವರ ಸುದ್ದಿಗಳೂ ಬಂದವು. ಯಾವುದು ಸರಿಯಾದ ಬಳಕೆ ಎಂಬ ಚರ್ಚೆ ಆಗ ನಡೆಯಿತು. ತಿಂಗಳು ತಿಂಗಳು ಕೈ ಬಿಗಿ ಹಿಡಿದು ಕೂಡಿಟ್ಟು, ತಾನು ಬಯಸಿದ ದಿನ ಸಂತೋಷದಿಂದ ಖರ್ಚು ಮಾಡಿದವರನ್ನು ದುಂದುಗಾರರೆನ್ನುವುದು ನ್ಯಾಯವಲ್ಲ. ಆಪತ್ಕಾಲಕ್ಕೆ ಬೇರೆ ಹಣವಿದೆಯೇ ಎಂದು ಕೇಳುವುದು ಮಾತ್ರ ಸಮಂಜಸ.

ಸಂತೋಷದ ಹೆಸರಿನಲ್ಲಿ ಸೇರಿಸಬಾರದ ಒಂದು ವೆಚ್ಚವಿದೆ. ಒಂದು ಕಾಲದಲ್ಲಿ ರಾಜ್ಯದಲ್ಲಿ ಸಣ್ಣ ಉಳಿತಾಯ ಮತ್ತು ರಾಜ್ಯ ಲಾಟರಿ ಒಂದೇ ನಿರ್ದೇಶನಾಲಯದಲ್ಲಿ ಇದ್ದವು. ಹೆಸರಿನಲ್ಲಿಯೇ ಎರಡೂ ಅಕ್ಕಪಕ್ಕ ಇದ್ದುದು ಈಗ ವಿಚಿತ್ರವೆನಿಸಬಹುದು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಅದರ ಜಾಗಕ್ಕೆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳು ಬಂದವು. ಇವುಗಳನ್ನು ನಿಷೇಧಿಸುವ ಅಧಿನಿಯಮವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ನೂರು ರೂಪಾಯಿಯ ಜಾತ್ರೆ ನೂರಕ್ಕೇ ಮುಗಿಯುತ್ತದೆ. ಈ ಆಟಗಳಿಗೆ ಅಂತಹ ಮಿತಿಯಿಲ್ಲ.

ಹಣ ಬಳಸಿದ ನಂತರ

ಆಪತ್ಕಾಲದ ಹಣ ಖರ್ಚಾದರೆ ತಪ್ಪು ಮಾಡಿದೆವೆಂದು ಕೊರಗುವ ಅಗತ್ಯವಿಲ್ಲ. ಅದು ಇದ್ದದ್ದೇ ಅದಕ್ಕೆ. ಮತ್ತೆ ತುಂಬುವವರೆಗೆ ಸಂತೋಷದ ಪಾಲನ್ನು ಅರ್ಧಕ್ಕೆ ಇಳಿಸಬಹುದು, ಪೂರ್ತಿ ನಿಲ್ಲಿಸುವುದು ಬೇಡ. ಕಾಯಿಲೆಯಿಂದ ಎದ್ದ ಮನೆಗೆ ಒಂದು ಸಿಹಿ ಊಟದ ಅಗತ್ಯ ಹೆಚ್ಚೇ ಇರುತ್ತದೆ. ಗುರಿಯ ಮೊತ್ತ ತುಂಬಿದ ಮೇಲೆ ಅದಕ್ಕೆ ಇನ್ನಷ್ಟು ಸೇರಿಸುತ್ತಾ ಹೋಗುವುದರಲ್ಲಿ ಪ್ರಯೋಜನವಿಲ್ಲ. ತಿಂಗಳ ಸಾವಿರದಲ್ಲಿ 800 ರೂ. ಆರ್.ಡಿ., ವಿಮೆ ಅಥವಾ ಮಕ್ಕಳ ಓದಿಗೆ, 200 ರೂ. ಮನೆಯವರ ಸಂತೋಷಕ್ಕೆ ಹೋಗಬಹುದು.

ಖಾತೆ ತೆರೆಯುವವರ ಗಮನಕ್ಕೆ

ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಲು ಆಧಾರ್, ಪ್ಯಾನ್ (ಪ್ಯಾನ್ ಇಲ್ಲದವರು ನಮೂನೆ 60ರ ಬಗ್ಗೆ ವಿಚಾರಿಸತಕ್ಕದ್ದು), ಭಾವಚಿತ್ರಗಳು ಹಾಗೂ 500 ರೂ. ತೆಗೆದುಕೊಂಡು ಹೋಗತಕ್ಕದ್ದು. ಬ್ಯಾಂಕುಗಳಲ್ಲಿ ಜನಧನ್ ಖಾತೆಗೆ ಕನಿಷ್ಠ ಶಿಲ್ಕಿನ ನಿಯಮವಿಲ್ಲ. ಖಾತೆ ತೆರೆಯುವ ದಿನವೇ ನಾಮನಿರ್ದೇಶನ ಮಾಡತಕ್ಕದ್ದು. ಖಾತೆದಾರರು ಮೃತಪಟ್ಟ ವಾರದಲ್ಲಿಯೇ ಹಣ ಬೇಕಾಗಿರುವುದರಿಂದ ಆಪತ್ಕಾಲದ ಖಾತೆಗೆ ಇದು ಬೇರೆಲ್ಲಾ ಖಾತೆಗಳಿಗಿಂತ ಮುಖ್ಯ. ಬ್ಯಾಂಕ್ ಖಾತೆಗಳಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಎರಡು ವರ್ಷ ಯಾವುದೇ ವ್ಯವಹಾರವಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಆಪತ್ಕಾಲದ ಖಾತೆಯಲ್ಲಿ ಇದು ಸುಲಭವಾಗಿ ಸಂಭವಿಸುವುದರಿಂದ ವರ್ಷಕ್ಕೊಮ್ಮೆಯಾದರೂ ನೂರು ರೂ. ಜಮೆ ಮಾಡಿ ಪಾಸ್‌ಬುಕ್ ನಮೂದು ಮಾಡಿಸಿಕೊಳ್ಳತಕ್ಕದ್ದು. ಮೊಬೈಲ್ ಸಂಖ್ಯೆ ಬದಲಾದಲ್ಲಿ ಶಾಖೆಗೆ ಕೂಡಲೇ ತಿಳಿಸತಕ್ಕದ್ದು, ಮತ್ತು ಪಾಸ್‌ಬುಕ್ ಇರಿಸಿರುವ ಜಾಗವು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರತಕ್ಕದ್ದು.